ಎರಡು ತಂಡ, ಒಂದೇ ಪಿಚರ್ ಪಟ್ಟಿ: ಹೈಸ್ಕೂಲ್ ಸಾಫ್ಟ್‌ಬಾಲ್‌ನಲ್ಲಿ ವಾರ್ಸಿಟಿ ಮತ್ತು ಜೆವಿ ನಿರ್ವಹಣೆ

ಅಮೆರಿಕದ ಹೈಸ್ಕೂಲುಗಳಲ್ಲಿ ಬೇಸ್‌ಬಾಲ್‌ನ ಹತ್ತಿರದ ಆಟವಾದ ಸಾಫ್ಟ್‌ಬಾಲ್‌ನ ಮುಖ್ಯ ಕೋಚ್ ಆಗುವವರ ಹೆಗಲಿಗೆ ಸಾಮಾನ್ಯವಾಗಿ ಎರಡು ತಂಡಗಳ ಹೊಣೆ ಬೀಳುತ್ತದೆ. ಮೇಲಿನದು ವಾರ್ಸಿಟಿ, ಅಲ್ಲಿ ಆಡುವಷ್ಟು ಇನ್ನೂ ಪಳಗದವರಿಗಾಗಿ ಇರುವುದು ಜೂನಿಯರ್ ವಾರ್ಸಿಟಿ, ಅಂದರೆ ಎಲ್ಲರೂ ಕರೆಯುವಂತೆ ಜೆವಿ. ಸಮವಸ್ತ್ರ, ವೇಳಾಪಟ್ಟಿ, ಬಸ್ಸು ಎಲ್ಲವೂ ಬೇರೆಬೇರೆಯಾಗಿರುವುದರಿಂದ ಇವನ್ನು ಎರಡು ಸ್ವತಂತ್ರ ತಂಡಗಳೆಂದು ಭಾವಿಸುವುದು ಸುಲಭ. ಆದರೆ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವಳು) ಮತ್ತು ಕ್ಯಾಚರ್‌ಗಳ (ಬ್ಯಾಟರ್‌ನ ಹಿಂದೆ ಕೂತು ಅದನ್ನು ಹಿಡಿಯುವವಳು) ಲೆಕ್ಕಕ್ಕೆ ಬಂದಾಗ ಎರಡಕ್ಕೂ ಇರುವುದು ಒಂದೇ ದಾಸ್ತಾನು, ಅದೂ ಬಹಳ ಚಿಕ್ಕದು. ಈ ದಾಸ್ತಾನನ್ನು ಯಾರು, ಯಾವಾಗ, ಎಷ್ಟು ಬಳಸಬೇಕೆಂಬುದನ್ನು ಋತು ಆರಂಭವಾಗುವ ಮೊದಲೇ ಬರೆದಿಟ್ಟುಕೊಂಡರೆ ಮಿಕ್ಕ ತೊಡಕುಗಳಲ್ಲಿ ಬಹುಪಾಲು ತಾವಾಗಿಯೇ ಸಡಿಲಗೊಳ್ಳುತ್ತವೆ.

ಮೊದಲು ನಿಯಮಗಳ ವಿಷಯ. ಆಟದ ನಿಯಮಪುಸ್ತಕವನ್ನು ರಾಷ್ಟ್ರಮಟ್ಟದಲ್ಲಿ ಪ್ರಕಟಿಸುವುದು ಎನ್‌ಎಫ್‌ಎಚ್‌ಎಸ್ ಎಂದು ಕರೆಯಲ್ಪಡುವ ರಾಜ್ಯ ಹೈಸ್ಕೂಲ್ ಸಂಘಗಳ ಒಕ್ಕೂಟ. ಪಂದ್ಯಕ್ಕೆ 7 ಇನಿಂಗ್ಸ್ (ಎರಡೂ ತಂಡ ತಲಾ ಒಮ್ಮೆ ಬ್ಯಾಟ್ ಮಾಡುವ ಸುತ್ತು), ಬೇಸ್‌ಗಳ (ಓಟಗಾರ್ತಿ ಮುಟ್ಟಬೇಕಾದ ನೆಲೆಗಳ) ನಡುವೆ 60 ಅಡಿ, ಪಿಚರ್‌ನ ಹಲಗೆಯಿಂದ ಬ್ಯಾಟರ್ ನಿಲ್ಲುವೆಡೆಯ ಹೋಮ್ ಪ್ಲೇಟಿಗೆ 43 ಅಡಿ, ಚೆಂಡಿನ ಸುತ್ತಳತೆ 12 ಅಂಗುಲ ಎಂಬುವು ಅಲ್ಲಿಂದ ಬರುತ್ತವೆ. ಆದರೆ ಋತು ಯಾವಾಗ, ವಾರಕ್ಕೆ ಎಷ್ಟು ಪಂದ್ಯ, ಒಬ್ಬಳೇ ಆಟಗಾರ್ತಿ ಒಂದೇ ದಿನ ಎರಡೂ ತಂಡಗಳಲ್ಲಿ ಆಡಬಹುದೇ, 5 ಇನಿಂಗ್ಸ್ ಕಳೆದ ಮೇಲೆ 10 ರನ್ನುಗಳ ಅಂತರವಿದ್ದರೆ ಪಂದ್ಯ ನಿಲ್ಲುತ್ತದೆಯೇ ಎಂಬುದನ್ನೆಲ್ಲ ನಿರ್ಧರಿಸುವುದು ಆಯಾ ರಾಜ್ಯದ ಸಂಘ. ಹೆಚ್ಚಿನ ರಾಜ್ಯಗಳಲ್ಲಿ ಋತು ವಸಂತಕಾಲದ್ದು. ಜಾರ್ಜಿಯಾ, ಮಿಸೌರಿ, ನೆಬ್ರಾಸ್ಕಾ, ಕೊಲೊರಾಡೊ ಮೊದಲಾದೆಡೆ ಶರತ್ಕಾಲದ್ದು. ಬೇರೆ ರಾಜ್ಯದಲ್ಲಿ ಕೋಚ್ ಆಗಿದ್ದ ಗೆಳೆಯರ ಸಲಹೆಯನ್ನು ಹಾಗೆಯೇ ಅನುಸರಿಸದೆ, ನಿಮ್ಮ ಸಂಘದ ಕೈಪಿಡಿಯನ್ನೂ ಶಾಲೆಯ ಅಥ್ಲೆಟಿಕ್ ಡೈರೆಕ್ಟರ್ ಕೊಡುವ ನಿಯಮಗಳನ್ನೂ ಮೊದಲು ಓದಿಕೊಳ್ಳಿ. ವೈದ್ಯಕೀಯ ತಪಾಸಣೆಯ ಪತ್ರ ಮತ್ತು ಅಂಕಗಳ ಅರ್ಹತೆ ಖಚಿತವಾಗದ ಹುಡುಗಿಯನ್ನು ಟ್ರೈಔಟ್‌ಗೂ (ಆಯ್ಕೆ ಪರೀಕ್ಷೆಗೂ) ಇಳಿಸಬೇಡಿ.

ಟ್ರೈಔಟ್‌ನಲ್ಲಿ ಎಲ್ಲರನ್ನೂ ಒಂದೇ ಮೈದಾನದಲ್ಲಿ, ಒಂದೇ ಅಳತೆಗೋಲಿನಿಂದ ನೋಡಿ, ಇಬ್ಬರು ಕೋಚ್‌ಗಳು ಪರಸ್ಪರ ನೋಡಿಕೊಳ್ಳದೆ ಅಂಕ ಬರೆದು, ನಂತರ ಹೋಲಿಸುವುದು ಒಳ್ಳೆಯದು. ಹೋಮ್‌ನಿಂದ ಮೊದಲ ಬೇಸ್‌ಗೆ ಓಡಲು ಹಿಡಿಯುವ ಸಮಯ, ಮೊಣಕಾಲಿನ ಎಡಬಲಕ್ಕೆ ಬರುವ ನೆಲದ ಚೆಂಡು, ಔಟ್‌ಫೀಲ್ಡ್‌ನಿಂದ ಎಸೆತದ ಗುರಿ, ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಇವು ಅಳೆಯಬಹುದಾದವು. ತಪ್ಪಾದ ಮೇಲೆ ಮುಂದಿನ ಚೆಂಡಿಗೆ ಹುಡುಗಿ ಹೇಗೆ ನಿಲ್ಲುತ್ತಾಳೆ ಎಂಬುದನ್ನು ಅಳೆಯಲಾಗದು, ಆದರೂ ಬರೆದುಕೊಳ್ಳಿ. ಫಲಿತಾಂಶವನ್ನು ಗೋಡೆಯ ಮೇಲೆ ಅಂಟಿಸುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಪ್ರತಿಯೊಬ್ಬಳನ್ನೂ ಕರೆದು ಎರಡು ನಿಮಿಷ ಮಾತಾಡಿ, ಅವಳ ಸ್ಥಾನವೇನು, ಮೇಲೇರಲು ಏನು ಕಲಿಯಬೇಕು ಎಂದು ಹೇಳಿದರೆ ಆಮೇಲೆ ಪೋಷಕರೊಂದಿಗೆ ಕಳೆಯಬೇಕಾದ ಎರಡು ಗಂಟೆ ಉಳಿಯುತ್ತದೆ.

ಇನ್ನು ಪಿಚರ್‌ಗಳು. ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಪ್ರತಿ ರಾಜ್ಯವೂ ಎಸೆತಗಳ ಸಂಖ್ಯೆಯನ್ನು ಆಧರಿಸಿದ ಮಿತಿಯನ್ನು ಹೊಂದಿರಲೇಬೇಕೆಂದು 2017ರಿಂದ ಎನ್‌ಎಫ್‌ಎಚ್‌ಎಸ್ ಕಡ್ಡಾಯಗೊಳಿಸಿದೆ. ಸಾಫ್ಟ್‌ಬಾಲ್‌ಗೆ ಅಂಥ ರಾಷ್ಟ್ರೀಯ ಕಡ್ಡಾಯವಿಲ್ಲ. ತೋಳನ್ನು ಗಾಳಿಯಂತ್ರದಂತೆ ತಿರುಗಿಸಿ ಕೆಳಗಿನಿಂದ ಎಸೆಯುವುದು ದೇಹಕ್ಕೆ ಸಹಜ, ಅದರಿಂದ ದಣಿವಾಗದು ಎಂಬ ಹಳೆಯ ನಂಬಿಕೆ ಇನ್ನೂ ಜೀವಂತವಾಗಿದೆ. ಆದರೆ ಭುಜದ ಮುಂಭಾಗವೂ ಬೈಸೆಪ್ಸ್ ಸ್ನಾಯುವೂ ಆ ಚಲನೆಯಲ್ಲಿ ಗಣನೀಯ ಹೊರೆ ಹೊರುತ್ತವೆ, ನೋವು ಮೊದಲು ಕಾಣಿಸಿಕೊಳ್ಳುವುದೂ ಅಲ್ಲಿಯೇ. ನಿಯಮ ಎಣಿಸದಿರುವುದರಿಂದ ಎಣಿಸುವ ಕೆಲಸ ಕೋಚ್‌ನದೇ ಆಗುತ್ತದೆ.

ಇದಕ್ಕೆ ಎರಡೂ ತಂಡಗಳಿಗೆ ಸೇರಿ ಒಂದೇ ಒಂದು ಪುಸ್ತಕವಿರಲಿ. ಪ್ರತಿ ಪಿಚರ್‌ಗೆ ಒಂದು ಪುಟ; ಅದರಲ್ಲಿ ಪಂದ್ಯದ ಎಸೆತಗಳಷ್ಟೇ ಅಲ್ಲ, ಪಂದ್ಯಕ್ಕೆ ಮುನ್ನ ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಎಸೆದು ಸಜ್ಜಾಗುವ ಜಾಗದಲ್ಲಿ) ಎಸೆದವು, ಅಭ್ಯಾಸದಲ್ಲಿ ಬ್ಯಾಟರ್‌ಗಳಿಗೆ ಎಸೆದವು, ಹೊರಗಿನ ಖಾಸಗಿ ತರಬೇತಿಯಲ್ಲಿ ಎಸೆದವು ಎಲ್ಲವೂ ದಿನಾಂಕದೊಂದಿಗೆ ಬರಬೇಕು. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಭಾನುವಾರ ಖಾಸಗಿ ಕೋಚ್‌ನ ಬಳಿ ಒಂದು ಗಂಟೆ ಎಸೆದು ಬಂದ ಹುಡುಗಿ ಸೋಮವಾರ ಜೆವಿಗೆ ಮೂರು ಇನಿಂಗ್ಸ್ ಎಸೆದು, ಮಂಗಳವಾರ ವಾರ್ಸಿಟಿಗೆ ನೆರವಾಗಿ ಬಂದರೆ, ಯಾವ ಕೋಚ್‌ನ ಲೆಕ್ಕದಲ್ಲೂ ಅವಳು ಹೆಚ್ಚು ಎಸೆದಂತೆ ಕಾಣುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮ್ಮ ಪಾಲನ್ನು ಮಾತ್ರ ಎಣಿಸಿರುತ್ತಾರೆ. ಸಂಖ್ಯೆಗಿಂತ ಮುಂಚಿನ ಸೂಚನೆಗಳೂ ಇವೆ: ಚೆಂಡು ಮೇಲಕ್ಕೇ ಹೋಗತೊಡಗುವುದು, ಹೆಜ್ಜೆ ಚಿಕ್ಕದಾಗುವುದು, ಎಸೆತಗಳ ನಡುವೆ ತೋಳು ಕೊಡವುವುದು. ಇವು ಕಂಡಾಗ ಸ್ಕೋರ್ ಎಷ್ಟಿದ್ದರೂ ಬದಲಿಸಿ.

ಕನಿಷ್ಠ ಇಬ್ಬರು ವಾರ್ಸಿಟಿ ಪಿಚರ್‌ಗಳು, ಇಬ್ಬರು ಜೆವಿ ಪಿಚರ್‌ಗಳು, ಜೊತೆಗೆ ತುರ್ತಿಗೆ ಸ್ಟ್ರೈಕ್ (ಗುರಿಯೊಳಗಿನ ಎಸೆತ) ಎಸೆಯಬಲ್ಲ ಒಬ್ಬಳು ಇದ್ದರೆ ಋತು ನಡೆಯುತ್ತದೆ. ಇಷ್ಟು ಜನ ಸಿಗದಿದ್ದರೆ ಜೆವಿ ಪಂದ್ಯಗಳನ್ನು 5 ಇನಿಂಗ್ಸ್‌ಗೆ ಅಥವಾ ಸಮಯದ ಮಿತಿಗೆ ಆಡಲು ಎದುರು ಶಾಲೆಯ ಕೋಚ್‌ನೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ, ಅವರಿಗೂ ಅದೇ ಕಷ್ಟವಿರುತ್ತದೆ. ಕ್ಯಾಚರ್‌ಗಳ ಮೊಣಕಾಲನ್ನೂ ಇದೇ ಕಣ್ಣಿನಿಂದ ನೋಡಿ: ಎಲ್ಲ ಪಿಚರ್‌ಗಳ ಬುಲ್‌ಪೆನ್‌ಗೂ ಒಬ್ಬಳೇ ಕೂರಬಾರದು.

ಜೆವಿಯಿಂದ ವಾರ್ಸಿಟಿಗೆ ಕರೆಸಿಕೊಳ್ಳುವುದು ಈ ವ್ಯವಸ್ಥೆಯ ಅತಿ ಸೂಕ್ಷ್ಮ ಭಾಗ. ನನ್ನ ಅಭಿಪ್ರಾಯದಲ್ಲಿ ನಿಯಮ ಒಂದೇ: ಆಡಿಸುವ ಉದ್ದೇಶವಿಲ್ಲದೆ ಯಾರನ್ನೂ ಮೇಲಕ್ಕೆ ಕರೆಯಬಾರದು. ಹತ್ತನೆಯ ತರಗತಿಯ ಪ್ರತಿಭಾವಂತೆಯನ್ನು ವಾರ್ಸಿಟಿ ಬೆಂಚಿನಲ್ಲಿ ಕೂರಿಸಿದರೆ ಅವಳಿಗೆ ಸಿಗುವುದು ಚಂದದ ಜಾಕೆಟ್ ಮಾತ್ರ. ಅದೇ ವಾರಗಳಲ್ಲಿ ಜೆವಿಯಲ್ಲಿ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ ಪ್ರತಿ ಇನಿಂಗ್ಸ್ ಆಡಿದ್ದರೆ ಅವಳ ಕೈಗೆ ನೂರಾರು ಚೆಂಡು ಬರುತ್ತಿತ್ತು. ಕರೆಯುವುದಿದ್ದರೆ ಎಷ್ಟು ದಿನಕ್ಕೆ, ಯಾವ ಕೆಲಸಕ್ಕೆ, ಗಾಯಗೊಂಡವಳು ಮರಳಿದ ಮೇಲೆ ಏನು ಎಂಬುದನ್ನು ಮೊದಲು ಜೆವಿ ಕೋಚ್‌ಗೆ, ಆಮೇಲೆ ಹುಡುಗಿಗೆ ತಿಳಿಸಿ. ಜೆವಿ ಪಂದ್ಯದ ಮಧ್ಯಾಹ್ನ ಸಂದೇಶ ಕಳುಹಿಸಿ ಅವರ ಕ್ಯಾಚರ್‌ಅನ್ನು ಎತ್ತಿಕೊಳ್ಳುವ ಮುಖ್ಯ ಕೋಚ್‌ಗೆ ಮುಂದಿನ ವರ್ಷ ಜೆವಿ ಕೋಚ್ ಸಿಗುವುದು ಕಷ್ಟ. ಹಾಗೆಯೇ, ಹನ್ನೆರಡನೆಯ ತರಗತಿಯವರನ್ನು ಜೆವಿಯಲ್ಲಿ ಇಡಬೇಕೇ ಬೇಡವೇ ಎಂಬುದನ್ನೂ ಟ್ರೈಔಟ್‌ಗೆ ಮುಂಚೆಯೇ ತೀರ್ಮಾನಿಸಿ ಪ್ರಕಟಿಸಬೇಕು. ಪಟ್ಟಿ ಸಿದ್ಧವಾದ ಮೇಲೆ ಮಾಡುವ ತೀರ್ಮಾನ ಯಾರದೋ ಹೆಸರಿನ ಮೇಲಿನ ತೀರ್ಪಾಗುತ್ತದೆ.

ಆಡುವ ಅವಕಾಶದ ಹಂಚಿಕೆ ಎರಡೂ ಕಡೆ ಒಂದೇ ಆಗಿರಬೇಕಾಗಿಲ್ಲ, ಆದರೆ ಅದು ಬಾಯಿಬಿಟ್ಟು ಹೇಳಿದ್ದಾಗಿರಬೇಕು. ವಾರ್ಸಿಟಿಯಲ್ಲಿ ಗೆಲ್ಲಲು ಬೇಕಾದ ಒಂಬತ್ತು ಮಂದಿ ಆಡುತ್ತಾರೆ. ಜೆವಿಯಲ್ಲಿ ಪಟ್ಟಿಯಲ್ಲಿರುವ ಪ್ರತಿಯೊಬ್ಬಳೂ ಪ್ರತಿ ವಾರ ಆಡಬೇಕು, ಎರಡು ಸ್ಥಾನಗಳನ್ನು ಕಲಿಯಬೇಕು. ಸಂಕೇತಗಳು ಮಾತ್ರ ಎರಡೂ ತಂಡಗಳಿಗೆ ಒಂದೇ ಇರಲಿ. ಬಂಟ್ ಬಂದಾಗ ಯಾರು ಮುನ್ನುಗ್ಗಬೇಕು, ಮೊದಲ ಮತ್ತು ಮೂರನೆಯ ಬೇಸ್‌ಗಳಲ್ಲಿ ಓಟಗಾರ್ತಿಯರಿದ್ದು ಒಬ್ಬಳು ಮುಂದಿನ ಬೇಸ್ ಕದಿಯಲು (ಚೆಂಡು ಹೊಡೆಯುವುದನ್ನು ಕಾಯದೆ ಓಡಿ ತಲುಪಲು) ಹೊರಟಾಗ ಕ್ಯಾಚರ್ ಎಲ್ಲಿಗೆ ಎಸೆಯಬೇಕು ಎಂಬುದನ್ನು ಜೆವಿಯಲ್ಲಿ ಒಂದು ರೀತಿ ಕಲಿತು ವಾರ್ಸಿಟಿಯಲ್ಲಿ ಇನ್ನೊಂದು ರೀತಿ ಮಾಡಬೇಕಾದರೆ ಕಲಿತದ್ದು ವ್ಯರ್ಥ.

ಮೈದಾನ ಒಂದೇ ಇದ್ದರೆ ಪಿಚರ್, ಕ್ಯಾಚರ್‌ಗಳನ್ನು ಇಪ್ಪತ್ತು ನಿಮಿಷ ಮುಂಚೆ ಕರೆಸಿ. ಒಂದು ತಂಡ ಇನ್‌ಫೀಲ್ಡ್‌ನಲ್ಲಿರುವಾಗ ಇನ್ನೊಂದು ತಂಡ ಔಟ್‌ಫೀಲ್ಡ್ ಹುಲ್ಲಿನಲ್ಲಿ ಬಲೆಗಳ ಮುಂದೆ ಟೀ (ಚೆಂಡನ್ನು ಇಟ್ಟು ಹೊಡೆಯುವ ಕಂಬ) ಹೊಡೆತಗಳನ್ನು ಅಭ್ಯಾಸ ಮಾಡಲಿ, ಅರ್ಧ ಹೊತ್ತಿನಲ್ಲಿ ಅದಲುಬದಲಾಗಲಿ. ಯಾವಾಗಲೂ ಜೆವಿಯೇ ಹುಲ್ಲಿಗೆ ಹೋಗಬಾರದು.

ಪಂದ್ಯದ ದಿನ ಹೆಚ್ಚು ಎಡವಟ್ಟಾಗುವುದು ಲೈನ್‌ಅಪ್ ಕಾರ್ಡಿನಲ್ಲಿ, ಅಂದರೆ ಆಡುವವರ ಹೆಸರುಪಟ್ಟಿಯಲ್ಲಿ. ಕ್ರಿಕೆಟ್ ನೋಡಿ ಬೆಳೆದವರಿಗೆ ವಿಚಿತ್ರವೆನಿಸುವ ನಿಯಮವೊಂದಿದೆ: ಆರಂಭದಿಂದ ಆಡಿದವಳು ಹೊರಗೆ ಹೋದ ಮೇಲೆ ಒಂದು ಬಾರಿ ಮರಳಿ ಬರಬಹುದು, ಆದರೆ ಬ್ಯಾಟಿಂಗ್ ಕ್ರಮದ ಅದೇ ಸ್ಥಾನಕ್ಕೆ. ಡಿಪಿ (ಡೆಸಿಗ್ನೇಟೆಡ್ ಪ್ಲೇಯರ್) ಮತ್ತು ಫ್ಲೆಕ್ಸ್ (ಡಿಪಿ ಯಾರ ಬದಲು ಬ್ಯಾಟ್ ಮಾಡುತ್ತಾಳೋ ಆ ಫೀಲ್ಡರ್) ಬಳಸಿದರೆ ಕಾರ್ಡಿನಲ್ಲಿ ಹತ್ತು ಹೆಸರಿರುತ್ತದೆ. ಫ್ಲೆಕ್ಸ್ ಪರವಾಗಿ ಡಿಪಿ ಬ್ಯಾಟ್ ಮಾಡುತ್ತಾಳೆ, ಇಬ್ಬರೂ ಒಟ್ಟಿಗೆ ಫೀಲ್ಡಿಂಗ್ ಮಾಡಬಹುದು, ಒಟ್ಟಿಗೆ ಬ್ಯಾಟಿಂಗ್ ಕ್ರಮದಲ್ಲಿ ಇರುವಂತಿಲ್ಲ. ಪಿಚರ್ ಅಥವಾ ಕ್ಯಾಚರ್ ಬೇಸ್ ತಲುಪಿದಾಗ ಪಂದ್ಯದಲ್ಲಿ ಇನ್ನೂ ಆಡದ ಹುಡುಗಿಯನ್ನು ಅವಳ ಬದಲು ಓಡಿಸಬಹುದು. ಜೆವಿಯಲ್ಲಿ ಎಲ್ಲರನ್ನೂ ಆಡಿಸಲು ಈ ಮೂರೂ ನಿಯಮಗಳು ವರದಾನ, ಅಂಪೈರ್‌ಗೆ ತಿಳಿಸದೆ ಬದಲಿಸಿದರೆ ಮಾತ್ರ ಶಾಪ. ಪಟ್ಟಿಯಲ್ಲಿರುವ ಬದಲಿ ಆಟಗಾರ್ತಿಯರ ಹೆಸರು ಮತ್ತು ಸಂಖ್ಯೆಗಳನ್ನೂ ಕಾರ್ಡಿನಲ್ಲಿ ಬರೆಯಿರಿ, ಹಿಂದಿನ ರಾತ್ರಿಯೇ ಬರೆಯಿರಿ, ಸಮವಸ್ತ್ರದ ಸಂಖ್ಯೆಯನ್ನು ಇನ್ನೊಬ್ಬರಿಂದ ಓದಿಸಿ.

ಮಿಂಚು ಕಂಡರೆ ಅಥವಾ ಗುಡುಗು ಕೇಳಿದರೆ ಮೈದಾನ ಖಾಲಿ ಮಾಡಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಪ್ರತಿ ಹೊಸ ಗುಡುಗಿಗೂ ಗಡಿಯಾರ ಮತ್ತೆ ಸೊನ್ನೆಯಿಂದ. ತಲೆಗೆ ಪೆಟ್ಟಾಗಿ ಕನ್ಕಷನ್ (ಮಿದುಳಿನ ಆಘಾತ) ಲಕ್ಷಣ ಕಂಡವಳು ಅಂದು ಆಟ ಮುಗಿಸಿದಂತೆಯೇ. ವೈದ್ಯರ ಲಿಖಿತ ಅನುಮತಿಯಿಲ್ಲದೆ ಮರಳುವಂತಿಲ್ಲ. ಜೆವಿ ಪಂದ್ಯಕ್ಕೆ ಅಥ್ಲೆಟಿಕ್ ಟ್ರೈನರ್ (ಗಾಯಗಳನ್ನು ನೋಡಿಕೊಳ್ಳುವವರು) ಇರುವುದೇ ಇಲ್ಲವಾದ ದಿನಗಳಿರುತ್ತವೆ, ಆದ್ದರಿಂದ ಆ ಕೋಚ್‌ನ ಚೀಲದಲ್ಲಿ ಪೋಷಕರ ತುರ್ತು ಸಂಖ್ಯೆಗಳು ಕಾಗದದಲ್ಲಿಯೇ ಇರಲಿ.

ಸಲಕರಣೆ ಮತ್ತು ಹಣದ ಬಗ್ಗೆ ಒಂದು ಮಾತು. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಟೈಟಲ್ ನೈನ್ ಕಾಯಿದೆಯ ಪ್ರಕಾರ ಹುಡುಗಿಯರ ಸಾಫ್ಟ್‌ಬಾಲ್‌ಗೆ ಮೈದಾನ, ಅಭ್ಯಾಸದ ಸಮಯ, ಉಪಕರಣಗಳು ಹುಡುಗರ ತಂಡಗಳಿಗೆ ಸಿಗುವ ಸೌಲಭ್ಯಕ್ಕೆ ಸಮನಾಗಿರಬೇಕು. ಬೇಸ್‌ಬಾಲ್ ಮೈದಾನದ ದೀಪಗಳನ್ನು ತಂಡಕ್ಕೆ ಹಣ ಕೂಡಿಸುವ ಪೋಷಕರ ಬೂಸ್ಟರ್ ಸಂಘ ಕೊಡಿಸಿತು ಎಂಬುದು ಶಾಲೆಯನ್ನು ಆ ಹೊಣೆಯಿಂದ ಬಿಡಿಸುವುದಿಲ್ಲ. ಕೊರತೆಗಳನ್ನು ದೂರಿನ ರೂಪದಲ್ಲಿ ಹೇಳದೆ, ದಿನಾಂಕ ಹಾಕಿದ ಪಟ್ಟಿಯಾಗಿ ಅಥ್ಲೆಟಿಕ್ ಡೈರೆಕ್ಟರ್‌ಗೆ ಕೊಡಿ.

ಪೋಷಕರೊಂದಿಗೆ ಋತುವಿನ ಆರಂಭದಲ್ಲೇ ಒಂದು ಸಭೆ ನಡೆಸಿ. ಪಂದ್ಯ ಮುಗಿದ ದಿನ ಆಡಿಸಿದ ಸಮಯದ ಬಗ್ಗೆ ಚರ್ಚೆಯಿಲ್ಲ, ಮರುದಿನ ಮಗಳೇ ಮೊದಲು ಬಂದು ಮಾತಾಡಬೇಕು, ಇನ್ನೊಬ್ಬರ ಮಗಳ ಹೆಸರು ಮಾತಿನಲ್ಲಿ ಬರಬಾರದು ಎಂಬ ಮೂರು ಷರತ್ತುಗಳನ್ನು ಅಲ್ಲಿಯೇ ಹೇಳಿ. ಜೆವಿ ಕೋಚ್‌ನ ತೀರ್ಮಾನದ ವಿರುದ್ಧ ನೇರವಾಗಿ ನಿಮ್ಮ ಬಳಿ ಬಂದವರನ್ನು ಮೊದಲು ಅವರ ಬಳಿಗೇ ಕಳುಹಿಸಿ.

ಋತು ಮುಗಿದ ವಾರವೇ ಇಬ್ಬರೂ ಕೋಚ್‌ಗಳು ಪಿಚರ್ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತು, ಬೇಸಿಗೆಯ ಟ್ರಾವೆಲ್ ತಂಡಗಳಿಗೆ (ಶಾಲೆಯ ಹೊರಗಿನ ಕ್ಲಬ್ ತಂಡಗಳಿಗೆ) ಹೊರಡುವ ಮುನ್ನ ಯಾವ ಹುಡುಗಿಗೆ ಎಷ್ಟು ವಾರ ವಿಶ್ರಾಂತಿ ಬೇಕೆಂದು ಗುರುತು ಹಾಕಿ, ಆ ಪುಟದ ಪ್ರತಿಯನ್ನು ಅವಳಿಗೂ ಅವಳ ಮನೆಯವರಿಗೂ ಕೊಡಬೇಕು.