ಮಳೆ ಹಿಡಿಯುವ ಮೊದಲು ಒಂದು ಬ್ಯಾಕಪ್

ಜೂನ್ ಬಂತೆಂದರೆ ಮಡಿಕೇರಿಯಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಅದೇ ಬೀರುವಿನಲ್ಲಿ ಹಾರ್ಡ್‌ಡಿಸ್ಕ್ ಇಟ್ಟು, ಲ್ಯಾಪ್‌ಟಾಪಿನಲ್ಲಿದ್ದ ಫೋಟೊಗಳನ್ನೆಲ್ಲ ಅಳಿಸಿ, 'ಬ್ಯಾಕಪ್ ಆಗಿದೆ' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ಬ್ಯಾಕಪ್ ಅಲ್ಲ, ಫೋಟೊಗಳು ಮನೆ ಬದಲಿಸಿದ್ದು ಅಷ್ಟೇ. ಬ್ಯಾಕಪ್ ಅಂದರೆ ಒಂದೇ ಫೈಲು ಕನಿಷ್ಠ ಎರಡು ಕಡೆ ಇರಬೇಕು. ಮೂರು ಕಡೆ ಇದ್ದರೆ ಇನ್ನೂ ಒಳ್ಳೆಯದು.

ಮೊದಲು ಆರಿಸಿ. ಪಹಣಿ ಸ್ಕ್ಯಾನ್, ತೋಟದ ಲೆಕ್ಕ, ಮನೆಯವರ ಫೋಟೊ ಬೇಕು. ಸಿನಿಮಾ, ಗುಡ್ ಮಾರ್ನಿಂಗ್ ಚಿತ್ರ ಬೇಡ.

ಆಮೇಲೆ 1 ಟಿಬಿಯ ಎರಡು ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಮೇಲು. ಕಡಿಮೆ ಬೆಲೆಗೆ ಸಿಗುವ '2 ಟಿಬಿ' ಪೆನ್‌ಡ್ರೈವ್ ಕಡೆ ತಿರುಗಿಯೂ ನೋಡಬೇಡಿ. ಅದರಲ್ಲಿ ಒಳಗೆ ಅಷ್ಟು ಜಾಗವೇ ಇರುವುದಿಲ್ಲ, ಕಾಪಿ ಆದ ಹಾಗೆ ತೋರಿಸಿ ಕೊನೆಗೆ ಫೈಲೇ ತೆರೆಯುವುದಿಲ್ಲ.

ಗೂಗಲ್‌ನಲ್ಲಿ 15 ಜಿಬಿ ಪುಕ್ಕಟೆ ಸಿಗುತ್ತದೆ, ಆದರೆ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ದಾಖಲೆಗಳಿಗೆ ಅದು ಸಾಕು. ಫೋಟೋಸ್ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದರೆ ಗೂಗಲ್‌ನಲ್ಲಿರುವ ಪ್ರತಿಯೂ ಹೋಗುತ್ತದೆ, ಬ್ಯಾಕಪ್ ಆದ ಫೋಟೊ ಟ್ರ್ಯಾಶ್‌ನಲ್ಲಿ 60 ದಿನ ಮಾತ್ರ ಇರುತ್ತದೆ. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ಜಾಸ್ತಿ ಜನ ಎಡವುವುದು ಕಾಪಿ ಮಾಡುವಾಗ. ಅರ್ಧದಲ್ಲಿ ಕರೆಂಟ್ ಹೋದರೆ ಹೆಸರು ಸರಿಯಿದ್ದು ಒಳಗೆ ಅರ್ಧವೇ ಇರುವ ಫೈಲು ಉಳಿಯಬಹುದು. ಅದಕ್ಕೆ ಲ್ಯಾಪ್‌ಟಾಪ್ ಚಾರ್ಜ್ ತುಂಬಿಸಿಕೊಂಡೇ ಶುರು ಮಾಡಿ. ಮುಗಿದ ಮೇಲೆ ಎರಡೂ ಫೋಲ್ಡರ್‌ಗಳ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಒಂದೇ ಇದೆಯೇ ನೋಡಿ. ಪುಕ್ಕಟೆ ಸಿಗುವ ಫ್ರೀಫೈಲ್‌ಸಿಂಕ್ ಅನ್ನುವ ತಂತ್ರಾಂಶದಲ್ಲಿ ಫೈಲಿನ ಒಳಗನ್ನೇ ಹೋಲಿಸುವ ಆಯ್ಕೆಯಿದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಆದರೂ ಮೊದಲ ಸಲ ಮಾಡಿಯೇ ಮಾಡಿ. ಅದರಲ್ಲೇ ಇರುವ ಮಿರರ್ ಆಯ್ಕೆ ಮಾತ್ರ ಹುಷಾರು, ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುತ್ತದೆ. ಇಷ್ಟಾದ ಮೇಲೆ ಡಿಸ್ಕ್ ಅನ್ನು ಇಜೆಕ್ಟ್ ಮಾಡಿ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಹಾಕಿ, ತುಂಬಾ ಹಳೆಯ ಫೋಟೊ ಒಂದು, ದೊಡ್ಡ ವಿಡಿಯೊ ಒಂದು ತೆರೆಯಿರಿ. ವಿಡಿಯೊವನ್ನು ಕೊನೆಯವರೆಗೂ ಓಡಿಸಿ ನೋಡಬೇಕು, ಪುಟ್ಟ ಚಿತ್ರ ಕಾಣಿಸಿತು ಅಂತ ಸುಮ್ಮನಾದರೆ ಆಗಲಿಲ್ಲ.

ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಹಾಕಬೇಡಿ, ಅದರ ಪುಡಿಯೆಲ್ಲ ಯುಎಸ್‌ಬಿ ತೂತಿಗೆ ಹೋಗುತ್ತದೆ. ಕಂಪ್ಯೂಟರಿಗೆ ಚುಚ್ಚಿಯೇ ಬಿಡಬೇಡಿ, ಸಿಡಿಲಿಗೂ ವೈರಸ್ಸಿಗೂ ಕಂಪ್ಯೂಟರ್, ಡಿಸ್ಕ್ ಎರಡೂ ಒಟ್ಟಿಗೇ ಸಿಗುತ್ತವೆ.

ಎರಡನೇ ಡಿಸ್ಕ್ ಮನೆಯಲ್ಲಿ ಇರಲೇಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಲ್ಯಾಪ್‌ಟಾಪ್ ಹುಡುಕಲು ಯಾರಿಗೆ ಪುರುಸೊತ್ತಿತ್ತು? ಮೈಸೂರಿನಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಮನೆಯಲ್ಲಿಡಿ. ಕೈಲ್‌ಪೊಳ್ದು, ಹುತ್ತರಿ ಹಬ್ಬಗಳಿಗೆ ಅವರು ಊರಿಗೆ ಬಂದಾಗ ಹೊಸದು ಕೊಟ್ಟು ಹಳೆಯದು ತೆಗೆದುಕೊಳ್ಳಿ.

ಬೇರೆಯವರ ಮನೆಗೆ ಹೋಗುವ ಡಿಸ್ಕಿಗೆ ವಿಂಡೋಸ್‌ನಲ್ಲಿ ಸಿಗುವ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಪಾಸ್‌ವರ್ಡ್ ಮರೆತಾಗ ಬೇಕಾಗುವ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅದೇ ಡಿಸ್ಕಿನೊಳಗೆ ಸೇವ್ ಮಾಡಿಟ್ಟವರನ್ನೂ ನೋಡಿದ್ದೇನೆ.