ಶನಿವಾರದ ಸಿನಿಮಾಕ್ಕೆ ಹಕ್ಕು ಪಡೆದ ಬಗೆ

ಡಿವಿಡಿ ಕೊಂಡ ಮೇಲೆ ಯಾರಿಗೆ ತೋರಿಸಿದರೇನು ಎನ್ನುವವರು ನಮ್ಮ ಕಾಲೇಜಿನಲ್ಲಿದ್ದರು. ಹಕ್ಕು ಬೇಕಂದ್ರೆ ಲಕ್ಷಗಟ್ಟಲೆ ಸುರಿಯಬೇಕು ಎನ್ನುವವರೂ ಇದ್ದರು. ಈಗ ಪುಣೆಯ ನಮ್ಮ ಲೈಬ್ರರಿಯಲ್ಲಿ ಮೂವತ್ತರ ಆಸುಪಾಸು ಕನ್ನಡ, ಮರಾಠಿ ಚಿತ್ರಗಳಿಗೆ ಸಾರ್ವಜನಿಕ ಪ್ರದರ್ಶನದ ಹಕ್ಕು ಲಿಖಿತವಾಗಿ ಇದೆ.

ತರಗತಿಗೆ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಜೆ) ಇದೆಯಲ್ವಾ, ಸಿಬ್ಬಂದಿ, ವಿದ್ಯಾರ್ಥಿ, ಪೋಷಕರಿಗೆ ತೋರಿಸಲು ಅಡ್ಡಿಯಿಲ್ಲ. ನಮ್ಮ ಶನಿವಾರದ ಪ್ರದರ್ಶನಕ್ಕೆ ಕೋಥ್ರೂಡ್, ಔಂಧ್ ಕಡೆಯ ಕನ್ನಡಿಗರೂ ಬರಬೇಕಿತ್ತು. ಅಲ್ಲಿ ಆ ಸೆಕ್ಷನ್ ಕೆಲಸಕ್ಕೆ ಬರುವುದಿಲ್ಲ.

ಮೊದಲು ವಿತರಕರನ್ನು ಕೇಳಿದೆ. ಒಬ್ಬರು ಒಂದೇ ಪ್ರದರ್ಶನಕ್ಕೆ ಇಪ್ಪತ್ತೈದು ಸಾವಿರ ಎಂದರು. ನಮ್ಮ ಇಡೀ ವರ್ಷದ ವಿಡಿಯೊ ಬಜೆಟ್ಟೇ ಹತ್ತಿರಹತ್ತಿರ ನಲವತ್ತು ಸಾವಿರ. ಇನ್ನೊಬ್ಬರು ಮುಂಗಡ ಪಡೆದು ಕಳಿಸಿದ ಪತ್ರದಲ್ಲಿ ‘ಶೈಕ್ಷಣಿಕ ಬಳಕೆ’ ಅಂತಷ್ಟೇ ಇತ್ತು. ಕಾನೂನು ಪುಕ್ಕಟೆ ಕೊಟ್ಟಿದ್ದಕ್ಕೆ ಆರೇಳು ಸಾವಿರ ಹೋಯಿತು. ಲೆಕ್ಕ ವಿಭಾಗದವರು ಅದನ್ನು ವರ್ಷಗಟ್ಟಲೆ ಎತ್ತಿ ಆಡಿದರು.

ಆಮೇಲೆ ನೇರ ನಿರ್ಮಾಪಕರನ್ನೇ ಹಿಡಿದೆ. ಚಿತ್ರದ ಆರಂಭದಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ನಿಲ್ಲಿಸಿ ಓದಿ. ನಿರ್ಮಾಪಕರ ಹೆಸರೂ ಅರ್ಜಿದಾರರ ಹೆಸರೂ ಅಲ್ಲಿರುತ್ತವೆ. ಎರಡೂ ಬೇರೆಯಾಗಿದ್ದರೆ ಇಬ್ಬರಿಗೂ ಫೋನ್ ಮಾಡಿ, ಈಗ ಹಕ್ಕು ಯಾರ ಕೈಲಿದೆ ಕೇಳಿ. ಪತ್ರ ಒಂದೇ ಪುಟ ಇರಲಿ: ಟಿಕೆಟ್ ಇಲ್ಲ, ನೂರಿಪ್ಪತ್ತು ಸೀಟಿನ ಹಾಲ್, ಕ್ಯಾಂಪಸ್ ಒಳಗೆ ಮಾತ್ರ, ಆನ್‌ಲೈನ್ ಇಲ್ಲ, ಐದು ವರ್ಷ, ಹೊರಗಿನವರೂ ನೋಡುತ್ತಾರೆ. ಈ ಕೊನೆಯ ಮಾತಿಗೇ ನಾವು ದುಡ್ಡು ಕೊಡುವುದು, ಅದನ್ನು ಬಿಡಬೇಡಿ. ಪತ್ರದ ಕಡೆಯ ಎರಡು ಸಾಲು ನನ್ನದೇ, ಅವನ್ನು ಇಲ್ಲಿ ಬರೆಯಲ್ಲ. ಮೂರರಿಂದ ಐದು ಸಾವಿರಕ್ಕೆ ಒಪ್ಪಿದವರೇ ಜಾಸ್ತಿ. ಸಾಕ್ಷ್ಯಚಿತ್ರದ ಕೆಲವರು ದುಡ್ಡೇ ಬೇಡ, ಎಷ್ಟು ಜನ ಬಂದರು ಅಂತ ತಿಳಿಸಿ ಸಾಕು ಎಂದರು. ಅಂಥವರ ಮೇಲೆ ನನಗೆ ತುಂಬ ಗೌರವ.

ನಡುವೆ ಹಳೇ ಸಿನಿಮಾಗಳ ದಾರಿಯನ್ನೂ ನೋಡಿದೆ. ಬಿಡುಗಡೆಯಾಗಿ 60 ವರ್ಷಕ್ಕೆ ಚಿತ್ರದ ಹಕ್ಕು ಮುಗಿಯುತ್ತದೆ, ಸರಿ. ಆದರೆ ಕಥೆ, ಹಾಡಿನ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಒಂದೊಂದು ಹಾಡಿನ ಹಿಂದೆ ಅಲೆಯುವುದು ಬೇಡವೆಂದು ಬಿಟ್ಟೆ.

ನಮ್ಮ ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲಿ, ಬಳಕೆಯ ಷರತ್ತು ಬರೆಯುವ 540 ಫೀಲ್ಡ್‌ಗೆ ಪ್ರತಿ ಚಿತ್ರದ ಷರತ್ತು, ಹಕ್ಕು ಮುಗಿಯುವ ತಾರೀಖು ಹಾಕಿದ್ದೇವೆ. ಹಕ್ಕಿರುವ ಡಿವಿಡಿಯ ಬೆನ್ನಿಗೆ ಹಸಿರು ಚುಕ್ಕಿ. ಚುಕ್ಕಿ ಇಲ್ಲದ್ದು ಶನಿವಾರ ಕಪಾಟು ಬಿಟ್ಟು ಬರಲ್ಲ.

ಮುಂಬಯಿಯ ಗೆಳೆಯರು ನಮ್ಮ ಡಿವಿಡಿ ಒಯ್ದು ಮಾಟುಂಗದಲ್ಲಿ ತೋರಿಸ್ತೀವಿ ಅಂತಾರೆ. ಅದಾಗದು, ಹಕ್ಕು ನಮ್ಮ ಹಾಲ್‌ಗೆ ಮಾತ್ರ. ನಿರ್ಮಾಪಕರನ್ನು ಕೇಳಿ ಅವರ ನಂಬರ್ ಕೊಡಿಸ್ತೀನಿ, ಪತ್ರ ನೀವೇ ಬರೆಯಿರಿ.