ಎಣ್ಣೆಗುಳಿ ಎಲ್ಲಿರಬೇಕು: ಜಾರು ಬೇರಿಂಗುಗಳೊಂದಿಗೆ ನನ್ನ ಅನುಭವ

ಪೀಣ್ಯದ ನಮ್ಮ ಪುಟ್ಟ ಶೆಡ್ಡಿನಲ್ಲಿ ಹಳೆಯ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳನ್ನು ಬಿಚ್ಚಿ, ಸವೆದ ಭಾಗಗಳನ್ನು ಸರಿಪಡಿಸಿ, ಮತ್ತೆ ಕೆಲಸಕ್ಕೆ ಒಪ್ಪಿಸುವ ರೀಕಂಡಿಷನಿಂಗ್ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಆರಂಭದ ದಿನಗಳಲ್ಲಿ ಒಂದು ಸೆಂಟರ್ ಲೇತಿನ ಬೆಡ್ಡನ್ನು (ಉದ್ದನೆಯ ತಳಪಾಯವನ್ನು) ಹೊರಗೆ ಗ್ರೈಂಡಿಂಗಿಗೆ ಕಳುಹಿಸಿ, ಅದರ ಮೇಲೆ ಜಾರುವ ಸ್ಯಾಡಲ್ಲಿನ ತಳವನ್ನೂ ಕನ್ನಡಿಯಂತೆ ಹೊಳೆಯುವ ಹಾಗೆ ಗ್ರೈಂಡ್ ಮಾಡಿಸಿ ಜೋಡಿಸಿದ್ದೆ. ಮೇಲ್ಮೈ ಎಷ್ಟು ನುಣುಪೋ ಘರ್ಷಣೆ ಅಷ್ಟು ಕಡಿಮೆ ಎಂದೇ ನಾನು ನಂಬಿದ್ದೆ. ಆದರೆ ಆ ಯಂತ್ರ ಪ್ರತಿದಿನ ಬೆಳಿಗ್ಗೆ ಮೊದಲ ಬಾರಿ ಕೈಚಕ್ರ ತಿರುಗಿಸುವಾಗ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ನಿಧಾನವಾಗಿ ಸರಿಸಲು ಹೋದರೆ ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜಿನ ಮುಳ್ಳು ಒಂದು ಕ್ಷಣ ಕದಲದೆ ನಿಂತು, ಅನಂತರ ಒಮ್ಮೆಲೇ ಮೂರು ನಾಲ್ಕು ಗೆರೆ ದಾಟಿ ಹಾರುತ್ತಿತ್ತು.

ಬೆಂಗಳೂರಿನಲ್ಲಿ 1953ರಲ್ಲಿ ಆರಂಭವಾದ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿಯಲ್ಲಿ ಕೆಲಸ ಕಲಿತಿದ್ದ ಒಬ್ಬ ಹಿರಿಯ ಮೇಸ್ತ್ರಿಗಳು ಆಗ ನಮ್ಮಲ್ಲಿಗೆ ಆಗಾಗ ಬರುತ್ತಿದ್ದರು. ಸ್ಯಾಡಲ್ಲನ್ನು ಚೈನ್ ಬ್ಲಾಕಿನಿಂದ ಎತ್ತಿಸಿ, ತಳದ ಮೇಲೆ ಬೆರಳಾಡಿಸಿ ನೋಡಿದ ಅವರು, “ಅಷ್ಟು ನುಣುಪು ಮಾಡಿಬಿಟ್ಟರೆ ಎಣ್ಣೆ ಎಲ್ಲಿ ನಿಲ್ಲಬೇಕು ಹೇಳಪ್ಪ? ಸ್ಕ್ರೇಪರ್ ತಗೊ” ಎಂದರು. ಅಂದಿನಿಂದ ನನ್ನ ಕಲಿಕೆ ಬೇರೆಯ ದಾರಿ ಹಿಡಿಯಿತು.

ಸ್ಕ್ರೇಪಿಂಗ್ ನೋಡಿರದವರಿಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೆಡ್ಡಿನ ಮೇಲೆ ಪ್ರಶ್ಯನ್ ಬ್ಲೂ ಬಣ್ಣವನ್ನು ಅಂಗೈಯಿಂದ ಎಷ್ಟು ತೆಳ್ಳಗೆ ಸವರಬೇಕೆಂದರೆ, ಕೆಳಗಿನ ಲೋಹದ ಬೂದುಬಣ್ಣ ಅದರೊಳಗಿನಿಂದ ಕಾಣುತ್ತಿರಬೇಕು. ಅದರ ಮೇಲೆ ಸ್ಯಾಡಲ್ಲನ್ನು ಇಳಿಸಿ, ಎರಡು ಮೂರು ಬಾರಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಮತ್ತೆ ಎತ್ತಿ ಮಗುಚಿದರೆ ಉಬ್ಬಿದ ಜಾಗಗಳಲ್ಲೆಲ್ಲ ನೀಲಿ ಮೆತ್ತಿಕೊಂಡಿರುತ್ತದೆ. ಭಾರ ತೀರಾ ಹೆಚ್ಚು ಬಿದ್ದ ಜಾಗದಲ್ಲಿ ನೀಲಿಯ ನಡುವೆ ಲೋಹ ಹೊಳೆಯುವ ಒಂದು ಚುಕ್ಕೆ ಇರುತ್ತದೆ. ಮೊದಲು ಆ ಚುಕ್ಕೆಯನ್ನೇ ಕೆರೆಯಬೇಕು. ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಆನಿಸಿ ಒತ್ತಿದಾಗ ಮೂಗಿನ ಪುಡಿಯಂತಹ ಬೀಡಿನ (ಎರಕದ ಕಬ್ಬಿಣದ) ಚೂರು ಏಳುತ್ತದೆ, ಒಂದು ಏಟಿಗೆ ಹೋಗುವ ಆಳ ಹೆಚ್ಚೆಂದರೆ ಐದರಿಂದ ಹತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಪ್ರತಿ ಸುತ್ತಿನಲ್ಲೂ ಕೆರೆಯುವ ದಿಕ್ಕನ್ನು ಅಡ್ಡಡ್ಡವಾಗಿ ಬದಲಿಸುತ್ತಾ ಹೋಗದಿದ್ದರೆ ಹಳೆಯ ಗೀರುಗಳೇ ಆಳವಾಗಿ, ಮೇಲ್ಮೈ ಅಲೆ ಅಲೆಯಾಗುತ್ತದೆ. ಇಂಚು ಚದರದ ಒಂದು ಚೌಕಟ್ಟನ್ನು ಎಲ್ಲಿ ಇಟ್ಟು ಎಣಿಸಿದರೂ ಹನ್ನೆರಡರಿಂದ ಹದಿನೈದು ನೀಲಿ ಚುಕ್ಕೆಗಳು ಸಿಗುವವರೆಗೆ ಇದು ನಡೆಯುತ್ತದೆ. ಆ ಸ್ಯಾಡಲ್ಲಿಗೆ ನನಗೆ ಐದು ದಿನ ಹಿಡಿಯಿತು, ಸೊಂಟದ ಬಲಭಾಗದಲ್ಲಿ ಅಂಗೈಯಗಲ ಕಪ್ಪುಗಟ್ಟಿತ್ತು. ಕೊನೆಯಲ್ಲಿ ಮೇಸ್ತ್ರಿಗಳು ಸ್ವತಃ ಕುಳಿತು, ಚುಕ್ಕೆಗಳ ನಡುವೆ ಹಾಫ್‌ಮೂನ್ ಎನ್ನುವ ಅರ್ಧಚಂದ್ರಾಕಾರದ ಸಣ್ಣ ಗುಳಿಗಳನ್ನು ಸಾಲು ಬಿಟ್ಟು ಸಾಲಿಗೆ ಹೊಡೆದುಕೊಟ್ಟರು.

ಬೆಡ್ಡಿನ ಮೇಲೂ ಹಾಫ್‌ಮೂನ್ ಹೊಡೆಯೋಣವೇ ಎಂದು ನಾನು ಕೇಳಿದಾಗ ಅವರು ಒಪ್ಪಲಿಲ್ಲ. ಬೆಡ್ಡಿನ ಬಹುಭಾಗ ಸದಾ ತೆರೆದಿರುವುದರಿಂದ ಅಲ್ಲಿನ ಗುಳಿಗಳಲ್ಲಿ ಎಣ್ಣೆಗಿಂತ ಮೊದಲು ಬೀಡಿನ ಧೂಳು ಕೂರುತ್ತದೆ. ಸ್ಯಾಡಲ್ಲಿನ ತಳವಾದರೋ ಯಾವಾಗಲೂ ಮುಚ್ಚಿಕೊಂಡಿರುತ್ತದೆ, ಅದು ಹೋದಲ್ಲೆಲ್ಲ ತನ್ನ ಎಣ್ಣೆಯನ್ನು ತಾನೇ ಹೊತ್ತು ಸಾಗುತ್ತದೆ. ಈ ಒಂದು ವಿವೇಚನೆ ಮುಂದೆ ನನಗೆ ಹತ್ತಾರು ಕಡೆ ನೆರವಿಗೆ ಬಂದಿದೆ.

ಕೆಲಸಕ್ಕೆ ಮೊದಲು ಮತ್ತು ಅನಂತರ ನಾನು ಒಂದು ಸ್ಪ್ರಿಂಗ್ ತಕ್ಕಡಿಯನ್ನು ಸ್ಯಾಡಲ್ಲಿಗೆ ಕಟ್ಟಿ ಎಳೆದು ನೋಡಿದ್ದೆ. ಗ್ರೈಂಡ್ ಮಾಡಿದ ಸ್ಥಿತಿಯಲ್ಲಿ ಅದು ಕದಲಲು 24 ಕೆ.ಜಿ. ಬೇಕಾಗುತ್ತಿತ್ತು, ಕದಲಿದ ಮೇಲೆ 15 ಕೆ.ಜಿ.ಗೆ ಇಳಿಯುತ್ತಿತ್ತು. ಸ್ಕ್ರೇಪಿಂಗ್ ಆದ ಮೇಲೆ ಕದಲಲು 17, ಚಲಿಸುತ್ತಿರಲು 14. ಇಲ್ಲಿ ಚಲಿಸುವಾಗಿನ ಘರ್ಷಣೆ ಹೆಚ್ಚೇನೂ ಇಳಿದಿಲ್ಲ ಎಂಬುದನ್ನು ಗಮನಿಸಬೇಕು. ಇಳಿದದ್ದು ಇವೆರಡರ ನಡುವಿನ ಅಂತರ. ಮುಳ್ಳನ್ನು ಹಾರಿಸುತ್ತಿದ್ದುದು ಆ ಅಂತರವೇ ಆಗಿತ್ತು: ಸ್ಯಾಡಲ್ ಹಿಡಿದುಕೊಂಡಿರುವಷ್ಟು ಹೊತ್ತು ಅದನ್ನು ದೂಡುವ ಲೀಡ್‌ಸ್ಕ್ರೂ ಮತ್ತು ಗೇರುಗಳು ಸ್ಪ್ರಿಂಗಿನಂತೆ ಬಿಗಿದುಕೊಳ್ಳುತ್ತವೆ, ಬಿಟ್ಟೊಡನೆ ಘರ್ಷಣೆ ತಟ್ಟನೆ ಇಳಿದು ಸ್ಯಾಡಲ್ ಮುಂದಕ್ಕೆ ಜಿಗಿಯುತ್ತದೆ.

ಕಾರಣವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ ಅವರು 1902ರಲ್ಲಿ ಪ್ರಕಟಿಸಿದ ಬೇರಿಂಗ್ ಪ್ರಯೋಗಗಳಿಂದ ಹೆಸರು ಪಡೆದ ಒಂದು ವಕ್ರರೇಖೆ ಇದೆ. ವೇಗವನ್ನೂ ಎಣ್ಣೆಯ ಸ್ನಿಗ್ಧತೆಯನ್ನೂ (ಹರಿಯಲು ಅದು ತೋರುವ ತಡೆಯನ್ನೂ) ಗುಣಿಸಿ, ಬೇರಿಂಗಿನ ಮೇಲಿನ ಒತ್ತಡದಿಂದ ಭಾಗಿಸಿ ಬಂದ ಸಂಖ್ಯೆ ತೀರಾ ಚಿಕ್ಕದಿದ್ದಾಗ ಲೋಹಕ್ಕೆ ಲೋಹ ತಾಗುತ್ತದೆ ಮತ್ತು ಘರ್ಷಣೆ ಹೆಚ್ಚಿರುತ್ತದೆ. ಆ ಸಂಖ್ಯೆ ಬೆಳೆದಂತೆ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಭಾರ ಹೊರತೊಡಗಿ ಘರ್ಷಣೆ ಕಡಿದಾಗಿ ಇಳಿಯುತ್ತದೆ. ಪೂರ್ಣ ಪದರ ಕಟ್ಟಿದ ಮೇಲೆ ಎಣ್ಣೆಯೊಳಗಿನ ಎಳೆತದಿಂದಾಗಿ ಮತ್ತೆ ನಿಧಾನವಾಗಿ ಏರುತ್ತದೆ. ಲೇತಿನ ಸ್ಯಾಡಲ್ ಸದಾ ಈ ರೇಖೆಯ ಎಡತುದಿಯಲ್ಲೇ ಬದುಕುತ್ತದೆ, ಏಕೆಂದರೆ ಅದರ ವೇಗ ಎಣ್ಣೆಯ ಬೆಣೆ ಕಟ್ಟಲು ಸಾಲುವುದಿಲ್ಲ. ಎರಡು ಸಮತಟ್ಟಾದ ನುಣುಪು ಮುಖಗಳ ನಡುವೆ ರಾತ್ರಿಯಿಡೀ ಹಿಂಡಿಕೊಂಡು ಹೊರಹೋದ ಎಣ್ಣೆ ಬೆಳಿಗ್ಗೆ ತಾನಾಗಿ ಮರಳಿ ಬರುವುದೂ ಇಲ್ಲ. ಗಟ್ಟಿ ನೆಲದ ಮೇಲೆ ಬಿದ್ದ ಮಳೆ ಹರಿದುಹೋಗಿ, ಉತ್ತ ಹೊಲದಲ್ಲಿ ನಿಲ್ಲುವಂತೆ, ಸ್ಕ್ರೇಪ್ ಮಾಡಿದ ಮೇಲ್ಮೈಯ ತಗ್ಗುಗಳಲ್ಲಿ ಎಣ್ಣೆ ಉಳಿದಿರುತ್ತದೆ. ಸ್ಯಾಡಲ್ ಕದಲಿದ ಕ್ಷಣದಲ್ಲೇ ಅದು ಪಕ್ಕದ ಚುಕ್ಕೆಯ ಮೇಲೆ ಎಳೆದುಕೊಳ್ಳುತ್ತದೆ. ಇದಕ್ಕೆ ತಕ್ಕ ಸ್ಲೈಡ್‌ವೇ ಆಯಿಲ್ ಕೂಡ ಬೇಕು. ಅಡ್ಡ ಮಲಗಿದ ಬೆಡ್ಡಿಗೆ ನಾನು ಸ್ನಿಗ್ಧತೆಯ ವಿಜಿ 68 ದರ್ಜೆಯನ್ನೂ, ನಿಂತ ಸ್ಲೈಡಿಗೆ ಕೆಳಗೆ ಜಾರಿಹೋಗದ 220ರ ದಪ್ಪ ಎಣ್ಣೆಯನ್ನೂ ಬಳಸುತ್ತೇನೆ.

ಈ ಯಶಸ್ಸಿನ ಉತ್ಸಾಹದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ದಾಖಲಿಸಲೇಬೇಕು. ಒಂದು ಕಾರ್ಖಾನೆಯ ದೊಡ್ಡ ಫ್ಯಾನಿನ ಬೇರಿಂಗನ್ನು ಹೊಸದಾಗಿ ವೈಟ್ ಮೆಟಲ್ (ಮೆದುವಾದ ಬೇರಿಂಗ್ ಮಿಶ್ರಲೋಹ) ಎರಕ ಹೊಯ್ಯಿಸಿ ಸ್ಕ್ರೇಪಿಂಗಿಗೆ ನಮ್ಮಲ್ಲಿಗೆ ಕಳುಹಿಸಿದ್ದರು. 100 ಮಿ.ಮೀ. ಶಾಫ್ಟ್, ನಿಮಿಷಕ್ಕೆ ಸುಮಾರು 1000 ಸುತ್ತು, ರಿಂಗಿನಿಂದ ಎಣ್ಣೆ ಎತ್ತುವ ವ್ಯವಸ್ಥೆ. ಕೆಳಗಿನ ಅರ್ಧಭಾಗವನ್ನು ಶಾಫ್ಟಿಗೆ ಚೆನ್ನಾಗಿ ಕೂರಿಸಿದ ಮೇಲೆ, ಎಣ್ಣೆ ನಿಲ್ಲಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಅದರ ತಳದುದ್ದಕ್ಕೂ ಹಾಫ್‌ಮೂನ್ ಹೊಡೆದೆ. ವೈಟ್ ಮೆಟಲ್ ಬೀಡಿಗಿಂತ ಬಹಳ ಮೆದುವಾದ್ದರಿಂದ ಗುಳಿಗಳು ನಾನು ಎಣಿಸಿದ್ದಕ್ಕಿಂತ ಆಳವಾದವು, ಮೂವತ್ತು ನಲವತ್ತು ಮೈಕ್ರಾನ್ ಇದ್ದಿರಬೇಕು. ನೋಡಲು ಬಹಳ ಸುಂದರವಾಗಿತ್ತು. ಫ್ಯಾನ್ ಓಡಿಸಿದ ನಲವತ್ತು ನಿಮಿಷಕ್ಕೆ ಬೇರಿಂಗಿನ ಉಷ್ಣತೆ 78 ಡಿಗ್ರಿ ತಲುಪಿತು ಮತ್ತು ಏರುತ್ತಲೇ ಇತ್ತು. 84ಕ್ಕೆ ಬಂದಾಗ ನಿಲ್ಲಿಸಿ ಬಿಚ್ಚಿದೆವು. ತಳದ ನಟ್ಟನಡುವೆ ಗುಳಿಗಳ ಅಂಚುಗಳು ಕರಗಿ ಒರೆಸಿದಂತೆ ಹೊಳೆಯುತ್ತಿದ್ದವು.

ಅದೇ ಗುಳಿ ಒಂದು ಕಡೆ ಉಳಿಸಿ ಇನ್ನೊಂದು ಕಡೆ ಕೆಡಿಸಿದ್ದೇಕೆ ಎಂಬುದನ್ನು ಬ್ರಿಟನ್ನಿನ ಬೋಷಾಂ ಟವರ್ ಅವರು ರೈಲ್ವೆ ಬೇರಿಂಗುಗಳ ಬಗ್ಗೆ ನಡೆಸಿ 1883ರಲ್ಲಿ ವರದಿ ಮಾಡಿದ ಪ್ರಯೋಗದಷ್ಟು ಸ್ಪಷ್ಟವಾಗಿ ಬೇರೇನೂ ನನಗೆ ತಿಳಿಸಲಿಲ್ಲ. ಅವರು ಪರೀಕ್ಷಿಸುತ್ತಿದ್ದ ಬೇರಿಂಗಿನಲ್ಲಿ ಭಾರ ಮೇಲಿನಿಂದ ಬೀಳುತ್ತಿತ್ತು. ಎಣ್ಣೆ ಹಾಕಲೆಂದು ಅವರು ಆ ಮೇಲ್ಭಾಗದಲ್ಲೇ ಒಂದು ತೂತು ಕೊರೆದಾಗ, ಒಳಗೆ ಹೋಗಬೇಕಾದ ಎಣ್ಣೆ ಹೊರಗೆ ಉಕ್ಕಿ ಬಂತು. ಬಿರಡೆ ಹಾಕಿದರೆ ಬಿರಡೆಯನ್ನೂ, ಮರದ ಗೂಟ ಬಡಿದರೆ ಗೂಟವನ್ನೂ ಎಣ್ಣೆ ತಳ್ಳಿ ಹೊರಹಾಕಿತು. ಒತ್ತಡಮಾಪಕ ಜೋಡಿಸಿದಾಗ ಅದು ಚದರ ಇಂಚಿಗೆ 200 ಪೌಂಡ್ ದಾಟಿತು, ಬೇರಿಂಗಿನ ಮೇಲಿದ್ದ ಸರಾಸರಿ ಭಾರವಾದರೋ ಅದರ ಅರ್ಧದಷ್ಟೇ ಆಗಿತ್ತು. ಶಾಫ್ಟ್ ತಾನೇ ಎಳೆದುಕೊಂಡು ಹೋದ ಎಣ್ಣೆ ಬೆಣೆಯಂತೆ ಕಿರಿದಾಗುವ ಸಂದಿನಲ್ಲಿ ಸಿಕ್ಕಿಕೊಂಡು ಶಾಫ್ಟನ್ನು ಮೇಲೆತ್ತುತ್ತದೆ ಎಂಬುದನ್ನು ಆಸ್ಬೋರ್ನ್ ರೆನಾಲ್ಡ್ಸ್ ಅವರು 1886ರಲ್ಲಿ ಗಣಿತದಿಂದ ನಿರೂಪಿಸಿದರು.

ನನ್ನ ಫ್ಯಾನಿನ ಶಾಫ್ಟ್ ಸೆಕೆಂಡಿಗೆ ಐದು ಮೀಟರಿಗೂ ಹೆಚ್ಚಿನ ವೇಗದಲ್ಲಿ ಜಾರುತ್ತಿತ್ತು, ಅಂದರೆ ಅದಕ್ಕೆ ಗುಳಿಯ ನೆರವೇ ಬೇಕಿರಲಿಲ್ಲ. ಅದನ್ನು ಹೊತ್ತಿದ್ದ ಎಣ್ಣೆಯ ಪದರ ಅತಿ ತೆಳುವಾದ ಜಾಗದಲ್ಲಿ ನಾನು ತೆಗೆದ ಗುಳಿಗಳಷ್ಟು ಕೂಡ ದಪ್ಪವಿರಲಿಲ್ಲ. ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದ ಗುಳಿಗಳು ಕಾಲುವೆಯಾಗಿ, ಒತ್ತಡ ಕಟ್ಟಬೇಕಾದ ಕಡೆಯಿಂದ ಎಣ್ಣೆಯನ್ನು ಬೇರಿಂಗಿನ ಅಂಚಿಗೆ ಸಾಗಿಸಿಬಿಟ್ಟಿದ್ದವು. ಟವರ್ ಕೊರೆದ ಒಂದು ತೂತಿನ ಬದಲು ನಾನು ನೂರು ಸೋರುದಾರಿಗಳನ್ನು ಮಾಡಿಟ್ಟಿದ್ದೆ.

ಸರಿಪಡಿಸಲು ತಳವನ್ನು ಮತ್ತೆ 0.05 ಮಿ.ಮೀ. ಕೆರೆದು ಗುಳಿಗಳನ್ನೆಲ್ಲ ಅಳಿಸಿದೆವು. ಕೆಳಗಿನ ಸುಮಾರು 60 ಡಿಗ್ರಿಯ ಕಮಾನಿನಲ್ಲಿ ನುಣುಪಾದ, ಒತ್ತಾದ ಚುಕ್ಕೆಗಳನ್ನಷ್ಟೇ ಬಿಟ್ಟೆ. ಎರಡು ಅರ್ಧಭಾಗಗಳು ಕೂಡುವಲ್ಲಿ ಎಣ್ಣೆ ಒಳಹೋಗುವ ಪಕ್ಕವನ್ನು ಮಾತ್ರ ಅಗಲವಾಗಿ, ಮೆಲ್ಲನೆ ಇಳಿಜಾರಾಗುವಂತೆ ಕೆರೆದು, ಎರಡೂ ತುದಿಗಳಲ್ಲಿ 12 ಮಿ.ಮೀ. ಮುಟ್ಟದೆ ಉಳಿಸಿದೆ. ಹಾಗೆ ಉಳಿಸದಿದ್ದರೆ ಒಳಬಂದ ಎಣ್ಣೆ ಶಾಫ್ಟಿನಡಿಗೆ ಹೋಗದೆ ಬದಿಯಿಂದಲೇ ಸುರಿದುಹೋಗುತ್ತದೆ. ಶಾಫ್ಟ್ ಅಷ್ಟು ಕೆಳಗಿಳಿದದ್ದರಿಂದ ಕಪ್ಲಿಂಗಿನ ಅಲೈನ್‌ಮೆಂಟನ್ನೂ ಮತ್ತೆ ಮಾಡಬೇಕಾಯಿತು. ಈ ಬಾರಿ ಉಷ್ಣತೆ 62 ಡಿಗ್ರಿಗೆ ಬಂದು ನಿಂತಿತು. ಆ ಕೆಲಸದ ನಷ್ಟವನ್ನು ನಾನೇ ಭರಿಸಿದೆ.

ಲೇಸರಿನಿಂದ ಗುಳಿ ಮಾಡುವ ವಿಧಾನವನ್ನು ನಾನು ಕೈಗೆತ್ತಿಕೊಂಡದ್ದು ಇತ್ತೀಚೆಗೆ. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಪ್ರೊಫೆಸರ್ ಇಝಾಕ್ ಎಟ್ಸಿಯನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಿಂದ ಇದನ್ನು ಲೆಕ್ಕಾಚಾರಕ್ಕೂ ಪ್ರಯೋಗಕ್ಕೂ ಒಳಪಡಿಸಿದವರಲ್ಲಿ ಪ್ರಮುಖರು. ನಮ್ಮಲ್ಲಿಗೆ ಬಂದದ್ದು ಒಂದು ಮಿಕ್ಸರ್ ಯಂತ್ರದ ಗನ್ ಮೆಟಲ್ (ಒಂದು ಬಗೆಯ ಕಂಚು) ಥ್ರಸ್ಟ್ ವಾಷರ್, ಅಂದರೆ ಶಾಫ್ಟಿನ ಉದ್ದಕ್ಕೆ ಬೀಳುವ ಒತ್ತಡ ಹೊರುವ ತೂತುಬಿಲ್ಲೆ. ಹೊರವ್ಯಾಸ 110 ಮಿ.ಮೀ., ಒಳವ್ಯಾಸ 60, ನಿಮಿಷಕ್ಕೆ 90 ಸುತ್ತು, ಒಂದೇ ದಿಕ್ಕಿನ ತಿರುಗಾಟ, ದಿನಕ್ಕೆ ಹತ್ತಾರು ಬಾರಿ ನಿಲ್ಲಿಸಿ ಹೊರಡಿಸುವ ಕೆಲಸ. ಪ್ರತಿ ಬಾರಿ ಹೊರಡುವಾಗಲೂ ಅದು ಸವೆಯುತ್ತಿತ್ತು. ಎರಡೂ ಮುಖ ಸಮತಟ್ಟಾಗಿ ಸಮಾನಾಂತರವಾಗಿದ್ದುದರಿಂದ ಬೆಣೆ ಕಟ್ಟಲು ದಾರಿಯೇ ಇರಲಿಲ್ಲ.

ಇಂತಹ ಕಡೆ ಪ್ರತಿ ಗುಳಿಯೂ ತಾನೇ ಒಂದು ಚಿಕ್ಕ ಬೇರಿಂಗ್ ಆಗುತ್ತದೆ. ಎಣ್ಣೆ ಗುಳಿಗೆ ಇಳಿಯುವ ಕಡೆ ಸಂದು ಹಿಗ್ಗಿ ಒತ್ತಡ ಬೀಳುತ್ತದೆ, ಏರಿ ಹೊರಬರುವ ಕಡೆ ಸಂದು ಕುಗ್ಗಿ ಒತ್ತಡ ಏರುತ್ತದೆ. ಬೀಳುವ ಕಡೆ ಒತ್ತಡ ಒಂದು ಮಿತಿಗಿಂತ ಕೆಳಗೆ ಹೋಗಲಾರದೆ ಎಣ್ಣೆಯಲ್ಲಿ ಗುಳ್ಳೆಯೇಳುತ್ತದೆ, ಏರುವ ಕಡೆಗೆ ಅಂತಹ ಮಿತಿಯಿಲ್ಲ. ಹೀಗಾಗಿ ಒಟ್ಟು ಲೆಕ್ಕದಲ್ಲಿ ಮೇಲೆತ್ತುವ ಬಲ ಉಳಿಯುತ್ತದೆ. ವಾಷರಿನ ಮುಖವನ್ನು ಎಣ್ಣೆ ಹರಿಯುವ ನಾಲ್ಕು ತೋಡುಗಳು ನಾಲ್ಕು ಹೋಳಾಗಿ ಮಾಡಿದ್ದವು. ಪ್ರತಿ ಹೋಳಿನಲ್ಲೂ ಎಣ್ಣೆ ಒಳಬರುವ ಕಡೆಯ ಮೂರನೇ ಎರಡು ಭಾಗಕ್ಕೆ ಮಾತ್ರ ಗುಳಿ ಹಾಕಿಸಿ, ಹೊರಹೋಗುವ ಕಡೆಯ ಮೂರನೇ ಒಂದು ಭಾಗವನ್ನು ನುಣುಪಾಗಿಯೇ ಬಿಡಿಸಿದೆ. ಗುಳಿಯಿರುವ ಭಾಗ ಸರಾಸರಿಯಲ್ಲಿ ತಗ್ಗಾದ ಮೆಟ್ಟಿಲಿನಂತೆ, ನುಣುಪು ಭಾಗ ಅಣೆಕಟ್ಟಿನಂತೆ ವರ್ತಿಸುತ್ತದೆ. ಫ್ಯಾನಿನ ಬೇರಿಂಗ್ ಕಲಿಸಿದ ಪಾಠವನ್ನೇ ನಾನು ಇಲ್ಲಿ ಅಳತೆಗೆ ಇಳಿಸಿದ್ದೆ.

ಗುಳಿಯ ವ್ಯಾಸ 0.1 ಮಿ.ಮೀ., ಆಳ 10 ಮೈಕ್ರಾನ್, ಮುಖದ ಶೇಕಡಾ 10ರಷ್ಟು ಜಾಗ ಗುಳಿಗೆ ಎಂದು ನಿರ್ಧರಿಸಿದರೆ, ಒಂದು ಗುಳಿಯ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ 0.28 ಮಿ.ಮೀ. ದೂರ ಬರುತ್ತದೆ. ಹೆಸರು ಮತ್ತು ಸಂಖ್ಯೆ ಕೊರೆಯುವ ಫೈಬರ್ ಲೇಸರ್ ಯಂತ್ರವಿರುವ ಒಬ್ಬ ಜಾಬ್‌ವರ್ಕಿನವರು ಇದನ್ನು ಮಾಡಿಕೊಟ್ಟರು. ಮೊದಲ ವಾಷರನ್ನು ಬಂದ ಹಾಗೆಯೇ ಜೋಡಿಸಿದ್ದು ತಪ್ಪಾಯಿತು. ಲೇಸರ್ ಕರಗಿಸಿದ ಲೋಹ ಪ್ರತಿ ಗುಳಿಯ ಸುತ್ತಲೂ ಬಳೆಯಂತೆ ಎದ್ದು ಗಟ್ಟಿಯಾಗಿತ್ತು, ಅದು ಎದುರಿನ ಉಕ್ಕಿನ ಕಾಲರಿನ ಮೇಲೆ ಸುತ್ತಸುತ್ತಲೂ ಗೀರು ಎಳೆದಿತ್ತು. ಉಗುರನ್ನು ಮುಖದ ಮೇಲೆ ಎಳೆದರೆ ಮರಳುಕಾಗದದಂತೆ ತಾಗುತ್ತಿತ್ತು. ಎರಡನೆಯದನ್ನು ಸರ್ಫೇಸ್ ಪ್ಲೇಟಿನ ಮೇಲೆ 1000 ನಂಬರಿನ ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿ, ಉಗುರು ಎಲ್ಲೂ ತಡೆಯದಂತಾದ ಮೇಲೆ ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆದೆ. ಗುಳಿಯಲ್ಲಿ ಎಮರಿಯ ಕಣ ಉಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ, ಹಾಗಾಗಿ ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ನೋಡಿದೆ.

ಎಂಟು ತಿಂಗಳ ನಂತರ ಎಣ್ಣೆ ಬದಲಿಸುವಾಗ ಅದನ್ನು ಬಿಚ್ಚಿಸಿ ನೋಡಿದೆ. ನುಣುಪಾಗಿ ಬಿಟ್ಟ ಭಾಗದಲ್ಲಿ ಒಂದು ಗೀರೂ ಇರಲಿಲ್ಲ. ಗುಳಿಗಳಲ್ಲಿ ಎಣ್ಣೆಯೊಂದಿಗೆ ಕಪ್ಪು ಲೋಹದ ಪುಡಿ ಸೇರಿಕೊಂಡಿತ್ತು, ಗುಳಿಯಿಲ್ಲದಿದ್ದರೆ ಅದು ಎರಡು ಮುಖಗಳ ನಡುವೆಯೇ ಅರೆದುಕೊಳ್ಳುತ್ತಿತ್ತು. ಮೇಲ್ಮೈ ಅಳೆಯುವ ಯಂತ್ರದಲ್ಲಿ ಪರೀಕ್ಷಿಸಿದಾಗ, ಎಣ್ಣೆಯ ತೋಡಿಗೆ ಹತ್ತಿರದ ಮೊದಲ ಸಾಲುಗಳ ಆಳ 10 ಮೈಕ್ರಾನಿನಿಂದ 7ಕ್ಕೆ ಇಳಿದಿತ್ತು, ಉಳಿದವು ಹೆಚ್ಚುಕಡಿಮೆ ಹಾಗೆಯೇ ಇದ್ದವು. ಮುಂದಿನ ವಾಷರಿಗೆ ಆ ಮೊದಲ ಸಾಲುಗಳನ್ನು ಮಾತ್ರ 13 ಮೈಕ್ರಾನ್ ಆಳ ಮಾಡಿಸಲು ಬರೆದುಕೊಟ್ಟಿದ್ದೇನೆ, ವಾಷರ್ ಈಗ ಲೇಸರಿನವರ ಬಳಿ ಇದೆ.